ಅಜ್ಜಿಯ ಟೀಕಾ, ಹನ್ನೊಂದು ಕಾಫಿ ಗಿಡ: ಒಂದು ಮಿಷನ್ ಟ್ರಿಪ್ಪಿನ ಪ್ರಕರಣ ಅಧ್ಯಯನ

ಇದನ್ನು ಬರೆಯಲು ಹುಡುಗ ಒಪ್ಪಿದ್ದಾನೆ. ಅವನ ಅಪ್ಪನೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಹುಡುಗ ಅಂತಲೇ ಬರೆಯುತ್ತೇನೆ. ನಮ್ಮವರು ಹೋಗಿದ್ದು ನೇಪಾಳದ ಒಂದು ಹಳ್ಳಿಗೆ. ಅಲ್ಲಿನ ಪಾಸ್ಟರನ್ನು ಪಾಸ್ಟರ್ ದಾಯಿ ಅಂತ ಕರೆಯುತ್ತೇನೆ, ದಾಯಿ ಅಂದರೆ ನೇಪಾಳಿಯಲ್ಲಿ ಅಣ್ಣ. ಟೀಕಾ ಅಂದರೆ ಹಣೆಗೆ ಇಡುವ ತಿಲಕ. ಅವರ ಹಳ್ಳಿಯ ಹೆಸರನ್ನೂ ಹಾಕುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಾನು ಚಿಕ್ಕಮಗಳೂರಿನ ಒಂದು ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಯುವಜನ ಸಂಘಕ್ಕೆ ಆಗ ಸಂಚಾಲಕನಾಗಿದ್ದೆ. ಕೆಲಸ ಶಾಲೆ ಮೇಷ್ಟ್ರದು. ಈ ಟ್ರಿಪ್ಪಿನ ತಾರೀಖು ಗೊತ್ತು ಮಾಡಿದವನು ನಾನೇ. ಆದ್ದರಿಂದ ಇದರಲ್ಲಿ ಅರ್ಧ ತಪ್ಪು ನನ್ನದು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದು ಬೇಡ.

ಹುಡುಗ ಮತ್ತು ಅವನ ಮನೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಅಪ್ಪ ಅಲ್ಲಿ ರೈಟರ್. ಮಸ್ಟರ್ ಅನ್ನುವ ಹಾಜರಿ ಪುಸ್ತಕ ಬರೆಯುವುದು, ಆಳುಗಳ ಲೆಕ್ಕ, ಗೊಬ್ಬರದ ಲೆಕ್ಕ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಮನೆಯ ಬೀಗದ ಕೈ, ಎಲ್ಲ ಅವರದೇ. ಹುಡುಗನಿಗೆ ಆಗ 21 ವರ್ಷ, ಡಿಪ್ಲೊಮಾ ಕೊನೆಯ ವರ್ಷ. ಗಿಟಾರ್ ಚೆನ್ನಾಗಿ ನುಡಿಸುತ್ತಾನೆ, ಮಾತು ಕಡಿಮೆ. ಚಿಕ್ಕಂದಿನಿಂದ ಅಪ್ಪನ ಹಿಂದೆ ತೋಟ ಸುತ್ತಿದವನು, ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಚಿಗುರು ತೆಗೆಯುವುದು, ಬೋರರ್ ಹುಳ ಹೊಕ್ಕ ಗಿಡ ಹುಡುಕುವುದು ಎಲ್ಲ ಗೊತ್ತು. ಆದರೆ ನಮ್ಮ ಕಮಿಟಿ ಅವನನ್ನು ಆರಿಸಿದ್ದು ಗಿಟಾರಿಗಾಗಿ. ಕಾಫಿ ವಿಷಯ ಯಾರ ತಲೆಗೂ ಬಂದಿರಲಿಲ್ಲ.

ಅವರ ಮನೆಯ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಯುಧಪೂಜೆ ದಿನ ತೋಟದಲ್ಲಿ ಜೀಪು, ಪಲ್ಪರ್, ಪಂಪ್‌ಸೆಟ್ಟು ಎಲ್ಲಕ್ಕೂ ಪೂಜೆ. ಬೂದುಗುಂಬಳ ಒಡೆಯುತ್ತಾರೆ, ಟೈರ್ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಹಿಂದಿನ ದಿನ ಪಲ್ಪರ್ ತೊಳೆಸಿ, ಎಣ್ಣೆ ಹಾಕಿ, ಸಿದ್ಧ ಮಾಡುವವರು ಇವನ ಅಪ್ಪನೇ. ಪೂಜೆ ಹೊತ್ತಿಗೆ ಸ್ವಲ್ಪ ಆಚೆ ನಿಲ್ಲುತ್ತಾರೆ. ಕುಂಕುಮದ ತಟ್ಟೆ ಎಲ್ಲರ ಮುಂದೆ ಬರುತ್ತದೆ, ಇವರ ಮುಂದೆ ಬಂದಾಗ ತೋಟದ ಸಾಹುಕಾರರ ತಾಯಿ, ಇವರೆಲ್ಲ ಅಮ್ಮನವರು ಅನ್ನುವುದು ಅವರನ್ನೇ, ತಟ್ಟೆಯನ್ನು ಸುಮ್ನೆ ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಎರಡು ಬಾಳೆಹಣ್ಣು, ಒಂದು ಪೊಟ್ಟಣ ಕಡ್ಲೆಪುರಿ ಕೊಡುತ್ತಾರೆ. ಯಾರೂ ಏನೂ ಮಾತಾಡುವುದಿಲ್ಲ. ಕ್ರಿಸ್‌ಮಸ್‌ಗೆ ಇವರ ಮನೆಯಿಂದ ಕಲ್ಕಲ್, ರೋಸ್ ಕುಕ್ಕಿ ದೊಡ್ಡ ಮನೆಗೆ ಹೋಗುತ್ತದೆ. ಮೂವತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಶುರುವಿನಲ್ಲಿ ಹೇಗಿತ್ತು, ಯಾರು ಯಾರಿಗೆ ಬೇಜಾರಾಗಿತ್ತು ಅಂತ ಹುಡುಗನಿಗೆ ಗೊತ್ತಿಲ್ಲ. ಅವನು ಹುಟ್ಟುವ ಹೊತ್ತಿಗೆ ಎಲ್ಲ ಸರಿಹೋಗಿತ್ತು.

ಟ್ರಿಪ್ ಹೇಗೆ ಹುಟ್ಟಿತು

ನೇಪಾಳ ಅಂತ ಆರಿಸಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ವಿದೇಶ ಅಂತ ಹೇಳಬಹುದು, ವೀಸಾ ಬೇಡ, ರೈಲಿನಲ್ಲಿ ಹೋಗಬಹುದು. ನಮ್ಮವರೊಬ್ಬರಿಗೆ ಬೆಂಗಳೂರಿನಲ್ಲಿ ಓದುವಾಗ ಪಾಸ್ಟರ್ ದಾಯಿ ಪರಿಚಯ ಇದ್ದರು. ಅಷ್ಟೆ. ಫೆಬ್ರವರಿಯಲ್ಲಿ ನಮ್ಮ ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಟ್ರಿಪ್ಪಿಗಾಗಿ ಅಂತಲೇ ದುಡ್ಡು ಎತ್ತಿದೆವು. ಒಂದು ಸೀಮೆಬದನೆಕಾಯಿ 1,200 ರೂಪಾಯಿಗೆ ಹೋಯಿತು, ಒಂದು ಕೋಳಿ ನಾಲ್ಕು ಸಲ ಹರಾಜಾಯಿತು. ಒಬ್ಬರಿಗೆ 18,500ರಂತೆ ಎಂಟು ಜನಕ್ಕೆ 1,48,000 ರೂಪಾಯಿ.

ತಾರೀಖು? ದಸರಾ ರಜೆ. ನನಗೂ ರಜೆ, ಹುಡುಗರಿಗೂ ರಜೆ. 2022ರ ಅಕ್ಟೋಬರ್ ಮೊದಲ ವಾರ. ಟಿಕೆಟ್ ಎಲ್ಲ ಮಾಡಿಸಿ ಆದ ಮೇಲೆ ಆಗಸ್ಟ್‌ನಲ್ಲಿ ದಾಯಿಗೆ ಫೋನ್ ಮಾಡಿ, ಈ ದಿನ ಬರುತ್ತಾರೆ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಬನ್ನಿ ಬನ್ನಿ ಅಂದರು. ಆ ಒಂದು ಕ್ಷಣ ನನಗೆ ಕೇಳಿಸಿತ್ತು. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡೆ.

ನಮ್ಮ ದಸರಾ ಅವರ ದಸೈಂ. ನೇಪಾಳದಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ, ಹದಿನೈದು ದಿನ ದೇಶವೇ ಅರ್ಧ ಬಾಗಿಲು ಹಾಕುತ್ತದೆ. ಕತಾರ್, ದುಬೈ, ದೆಹಲಿ ಎಲ್ಲೆಲ್ಲಿ ದುಡಿಯುತ್ತಿದ್ದರೂ ಆದವರೆಲ್ಲ ಊರಿಗೆ ಬರುತ್ತಾರೆ. ಶಾಲೆಗೆ ರಜೆ. ನಾವು ಹಾಕಿಕೊಂಡಿದ್ದ ಕೆಲಸ ಏನು ಅಂದರೆ ಶಾಲೆ ಗೋಡೆಗೆ ಬಣ್ಣ ಹೊಡೆಯುವುದು, ಮಕ್ಕಳಿಗೆ ಹಾಡು, ಬೊಂಬೆಯಾಟ, ಇಂಗ್ಲಿಷ್ ಪಾಠ! ಇದನ್ನು ಒಬ್ಬ ಮೇಷ್ಟ್ರು ಯೋಚನೆ ಮಾಡಲಿಲ್ಲ ಅಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಒಂದು ವಿಷಯವನ್ನು ಮಾತ್ರ ಸರಿಯಾಗಿ ಮಾಡಿದೆವು, ಅದೂ ದಾಯಿ ಹೇಳಿದ್ದರಿಂದ. ನೇಪಾಳದ ದಂಡಸಂಹಿತೆಯಲ್ಲಿ, 2018ರಿಂದ ಜಾರಿಯಲ್ಲಿರುವುದು, ಬೇರೆಯವರನ್ನು ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ ಇದೆ. ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡಿ ದಾಟಿಸುತ್ತಾರೆ. ಕರಪತ್ರ ತರಬೇಡಿ, ರಸ್ತೆಯಲ್ಲಿ ಹಾಡಬೇಡಿ, ನೀವು ನಾಳೆ ಹೋಗುತ್ತೀರಿ, ಪೊಲೀಸ್ ಬರುವುದು ನನ್ನ ಮನೆಗೆ ಅಂದಿದ್ದರು ದಾಯಿ. 2021ರ ಜನಗಣತಿಯಲ್ಲಿ ಅಲ್ಲಿ ಕ್ರೈಸ್ತರು ನೂರಕ್ಕೆ 1.76. ಅವರ ಸಭೆ ಅಂದರೆ ಹದಿನಾಲ್ಕು ಮನೆ. ಹಾಗಿದ್ದರೂ ನಮ್ಮ ತಂಡದ ಒಬ್ಬಳು ಹಿಂದಿ ಕರಪತ್ರದ ಒಂದು ಕಟ್ಟು ತಂದೇಬಿಟ್ಟಿದ್ದಳು. ಗೋರಖ್‌ಪುರದ ಲಾಡ್ಜಿನಲ್ಲೇ ಬಿಡಿಸಿ ಬಂದರು.

ಹೋದ ದಾರಿ

ನಾನು ಹೋಗಿರಲಿಲ್ಲ, ಹೋದವರು ಹೇಳಿದ್ದನ್ನು ಬರೆಯುತ್ತೇನೆ. ಯಶವಂತಪುರದಿಂದ ಗೋರಖ್‌ಪುರಕ್ಕೆ ಎರಡು ರಾತ್ರಿ ರೈಲು. ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ಅಲ್ಲಿ ನಮ್ಮ 500ರ ನೋಟು ನಡೆಯುವುದಿಲ್ಲ ಅಂತ ಗೊತ್ತಾಗಿದ್ದು ಅಲ್ಲೇ, ಆಗ 100ರ ನೋಟಿಗಿಂತ ದೊಡ್ಡದು ಒಯ್ಯುವ ಹಾಗಿರಲಿಲ್ಲ. ನಮ್ಮ ನೂರಕ್ಕೆ ಅವರ ನೂರ ಅರವತ್ತು. ಗಡಿಯಾರ 15 ನಿಮಿಷ ಮುಂದೆ. ಕ್ಯಾಲೆಂಡರಿನಲ್ಲಿ 2079ನೇ ಇಸವಿ. ನಾವು ಮುಂದಕ್ಕೆ ಹೋಗಿಬಿಟ್ಟಿದ್ದೇವೆ ಸರ್ ಅಂತ ಹುಡುಗ ಮೆಸೇಜ್ ಹಾಕಿದ್ದ.

ಬುಟ್ವಲ್‌ನಿಂದ ತಾನ್ಸೇನ್‌ಗೆ ಸಿದ್ಧಾರ್ಥ ಹೆದ್ದಾರಿ. ಭಾರತದ ನೆರವಿನಿಂದಲೇ ಆದ ರಸ್ತೆ ಅದು, ಚಾರ್ಮಾಡಿ ನೋಡಿದವರಿಗೆ ಹೊಸದೇನಲ್ಲ. ಮಳೆಗಾಲ ಮುಗಿಯುವ ಹೊತ್ತು, ಗುಡ್ಡ ಜರಿದ ಗುರುತು ಅಲ್ಲಲ್ಲಿ. ಹಬ್ಬಕ್ಕೆ ಊರಿಗೆ ಹೊರಟವರಿಂದ ಬಸ್ಸು ತುಂಬಿ, ನಮ್ಮವರು ಬೊಂಬೆ ಪೆಟ್ಟಿಗೆ ಮತ್ತು 12 ಲೀಟರ್ ಬಣ್ಣದ ಡಬ್ಬ ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ, ಪಕ್ಕದಲ್ಲಿ ಒಂದು ಹೋತ.

ತಾನ್ಸೇನ್ ಪಾಲ್ಪಾ ಜಿಲ್ಲೆಯ ಕೇಂದ್ರ. ಅಲ್ಲಿ 1954ರಲ್ಲಿ ಮಿಷನ್‌ನವರು ಶುರು ಮಾಡಿದ ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ. ಮತ ಪ್ರಚಾರ ಮಾಡುವುದಿಲ್ಲ ಅಂತ ಸರ್ಕಾರಕ್ಕೆ ಒಪ್ಪಿಕೊಂಡೇ ಒಳಗೆ ಬಂದವರು ಅವರು. ಆಸ್ಪತ್ರೆ ಮುಂದೆ ನಿಂತು ದಾಯಿ ನಮ್ಮವರಿಗೆ ಇದನ್ನು ಹೇಳಿದರಂತೆ. ಎಷ್ಟು ಜನ ಕೇಳಿಸಿಕೊಂಡರೋ, ಹುಡುಗ ಕೇಳಿಸಿಕೊಂಡಿದ್ದ.

ಅಲ್ಲಿಂದ ಜೀಪಿನಲ್ಲಿ ಎರಡು ಗಂಟೆ. ಊರು ತಲುಪಿದ್ದು ಅಕ್ಟೋಬರ್ 2, ಭಾನುವಾರ. ಅಲ್ಲಿ ಆರಾಧನೆ ಶನಿವಾರ, ಯಾಕೆಂದರೆ ವಾರದ ರಜೆ ಶನಿವಾರ. ಅದೂ ತಪ್ಪಿಹೋಗಿತ್ತು. ಶಾಲೆಗೆ ಬೀಗ, ಹೆಡ್‌ಮಾಸ್ಟರ್ ಕೀಲಿ ಸಮೇತ ತಮ್ಮ ಊರಿಗೆ ಹೋಗಿದ್ದರು. ಮಕ್ಕಳೆಲ್ಲ ಬಿದಿರಿನ ದೊಡ್ಡ ಜೋಕಾಲಿಯಲ್ಲಿ, ಪಿಂಗ್ ಅಂತಾರೆ ಅದಕ್ಕೆ. ಬೊಂಬೆಯಾಟ ಯಾರಿಗೆ ಬೇಕು?

ಅರವತ್ತು ಗಿಡ

ಕೆಲಸ ಇಲ್ಲದ ಎಂಟು ಜನ ಒಂದು ಸಣ್ಣ ಮನೆಯಲ್ಲಿ. ಏಳು ಜನ ಫೋನ್ ಹಿಡಿದು ಕೂತರು. ಹುಡುಗ ಮನೆ ಹಿಂದಕ್ಕೆ ಹೋದ. ಅಲ್ಲಿ ಕಾಫಿ ಇತ್ತು.

ಅವನಿಗೆ ಮೊದಲು ನಂಬಿಕೆ ಬರಲಿಲ್ಲವಂತೆ. ಪಾಲ್ಪಾ, ಪಕ್ಕದ ಗುಲ್ಮಿ, ಎರಡೂ ಕಡೆ ಕಾಫಿ ಬೆಳೆಯುತ್ತಾರೆ, ಎಲ್ಲ ಅರೇಬಿಕಾ ಜಾತಿ, ಸಣ್ಣ ಸಣ್ಣ ಹಿಡುವಳಿ. 1938ರಲ್ಲಿ ಹೀರಾ ಗಿರಿ ಅನ್ನುವ ಸಾಧು ಬರ್ಮಾದಿಂದ ಬೀಜ ತಂದು ಗುಲ್ಮಿಯಲ್ಲಿ ಹಾಕಿದರು ಅಂತ ಅಲ್ಲಿನವರು ಹೇಳುತ್ತಾರೆ. ನಮ್ಮಲ್ಲಿ ಬಾಬಾಬುಡನ್ ಏಳು ಬೀಜ ತಂದ ಕತೆ ಇದೆಯಲ್ಲ, ಅದನ್ನು ಹುಡುಗ ತನ್ನ ಹರಕುಮುರುಕು ಹಿಂದಿಯಲ್ಲಿ ದಾಯಿಯ ತಾಯಿಗೆ ಹೇಳಿದ. ಅಲ್ಲೂ ಒಬ್ಬ ಬಾಬಾನೇನಾ ಅಂತ ಅಜ್ಜಿ ನಕ್ಕರಂತೆ.

ಅಜ್ಜಿಯ ವಿಷಯ ಹೇಳಲಿಲ್ಲ ಅಲ್ವಾ. ಮಗರ್ ಜನ ಅವರು, ನೇಪಾಳದ ಒಂದು ಸಮುದಾಯ ಅದು. ಎಪ್ಪತ್ತು ದಾಟಿದವರು. ಮಗ ಪಾಸ್ಟರ್, ತಾಯಿ ತಮ್ಮ ಹಿಂದಿನ ಪದ್ಧತಿಯಲ್ಲೇ ಇದ್ದಾರೆ. ಇಬ್ಬರೂ ಒಂದೇ ಅಂಗಳದ ಎರಡು ಮನೆಯಲ್ಲಿ. ಹಿತ್ತಲಲ್ಲಿ ಸುಮಾರು ಅರವತ್ತು ಕಾಫಿ ಗಿಡ, ತೀರಿಹೋದ ಗಂಡ ನೆಟ್ಟಿದ್ದು.

ಹುಡುಗ ಎರಡನೇ ದಿನ ನೋಡುತ್ತಾನೆ, ಕೆಲವು ಗಿಡದಲ್ಲಿ ಎಲೆ ಹಳದಿ, ತುದಿ ಬಾಡಿದೆ. ಕಾಂಡದ ಹತ್ತಿರ ಕೂತು ಬೆರಳಾಡಿಸಿದ. ತೊಗಟೆ ಕೆಳಗೆ ಉಬ್ಬಿದ ಗೆರೆ, ಸುರುಳಿ ಸುತ್ತಿದ ಹಾಗೆ. ಬೋರರ್. ನಮ್ಮ ಕಡೆ ಅರೇಬಿಕಾ ಇಟ್ಟವರ ನಿದ್ದೆ ಕೆಡಿಸಿದ ಅದೇ ಬಿಳಿ ಕಾಂಡಕೊರಕ. ಎಷ್ಟು ತೋಟ ಅದಕ್ಕೆ ಹೆದರಿ ಇನ್ನೊಂದು ಜಾತಿಯಾದ ರೋಬಸ್ಟಾಕ್ಕೆ ತಿರುಗಿದವು ಅಂತ ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳ ಒಳಗೆ ಹೊಕ್ಕು ಕಾಂಡ ಕೊರೆಯುತ್ತ ಹೋಗುತ್ತದೆ, ಒಳಗೆ ಹೋದ ಮೇಲೆ ಹೊಡೆದ ಔಷಧಿ ಹತ್ತುವುದಿಲ್ಲ. ಗಿಡ ಕಿತ್ತು ಸುಡಬೇಕು. ಬಿಟ್ಟರೆ ಅದರಿಂದ ದುಂಬಿ ಹೊರಬಂದು ಪಕ್ಕದ ಗಿಡಕ್ಕೆ. ನಮ್ಮಲ್ಲಿ ದುಂಬಿ ಹಾರುವುದು ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಜಾಸ್ತಿ ಬಿಸಿಲು ಬೀಳುವ ಗಿಡ ಅಂದರೆ ಅದಕ್ಕೆ ಇಷ್ಟ, ಅದಕ್ಕೇ ನೆರಳು ಸರಿಯಾಗಿರಬೇಕು. ಅಜ್ಜಿಯ ಹಿತ್ತಲಲ್ಲಿ ಹಿಂದಿನ ವರ್ಷ ಸೌದೆಗೆ ಅಂತ ಎರಡು ಮರ ಕಡಿದಿದ್ದರು, ಆ ಜಾಗದ ಗಿಡಗಳೇ ಮೊದಲು ಹೋಗಿದ್ದವು.

ನವಮಿ ದಿನ, ಅಕ್ಟೋಬರ್ 4. ಊರೆಲ್ಲ ಹೋತ ಕಡಿಯುವ ಗಡಿಬಿಡಿಯಲ್ಲಿದ್ದಾಗ ಇವನು ಬೆಳಿಗ್ಗೆಯಿಂದ ಸಂಜೆವರೆಗೆ ಅರವತ್ತು ಗಿಡವನ್ನೂ ಒಂದೊಂದಾಗಿ ನೋಡಿದ. ಗೆರೆ ಕಂಡ ಗಿಡಕ್ಕೆ ನಮ್ಮವರು ಶಾಲೆ ಗೋಡೆಗೆ ಅಂತ ತಂದಿದ್ದ ಬಣ್ಣದಿಂದ ಒಂದು ಚುಕ್ಕಿ. ಆ 12 ಲೀಟರ್‌ನಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟೇ. ಹನ್ನೊಂದು ಗಿಡ ಆಯಿತು. ಅಜ್ಜಿಗೆ ತೋರಿಸಲು ಒಂದನ್ನು ಮೊದಲು ಬುಡದಲ್ಲಿ ಕಡಿದು ಸೀಳಿದ. ಒಳಗೆ ಹಿಟ್ಟು ತುಂಬಿದ ಸುರಂಗ, ಅದರ ತುದಿಯಲ್ಲಿ ಹಳದಿ ಮಿಶ್ರಿತ ಬಿಳಿ ಹುಳ. ಅಜ್ಜಿ ಹುಳವನ್ನು ಉಗುರಲ್ಲಿ ಎತ್ತಿ ಅಂಗೈ ಮೇಲಿಟ್ಟು ನೋಡಿ, ಏನೋ ಬೈದು, ಕಿತ್ತುಹಾಕು ಅಂದರು. ಗಂಡ ನೆಟ್ಟ ಗಿಡ ಅಂತ ಅಳಲಿಲ್ಲ, ಏನಿಲ್ಲ. ಉಳಿದ ಗಿಡದ ಕಾಂಡವನ್ನು ಗೋಣಿಚೀಲದ ತುಂಡಿನಲ್ಲಿ ಉಜ್ಜಿ ಸಡಿಲ ತೊಗಟೆ ತೆಗೆಯುವುದನ್ನು ಹೇಳಿಕೊಟ್ಟ. ನಮ್ಮಲ್ಲಿ ನಾರಿನ ಗ್ಲೌಸ್ ಬರುತ್ತೆ, ಅಲ್ಲಿ ಎಲ್ಲಿಂದ ತರುವುದು. ಅಜ್ಜಿಯೂ ಕೂತು ಉಜ್ಜಿದರು. ರಾತ್ರಿ ಹನ್ನೊಂದು ಗಿಡ ಸುಟ್ಟರು. ಪೂರ್ತಿ ಟ್ರಿಪ್ಪಿನಲ್ಲಿ ನಮ್ಮ ತಂಡ ಮಾಡಿದ ನಿಜವಾದ ಕೆಲಸ ಇದೊಂದೇ ಅಂತ ನನ್ನ ಅಭಿಪ್ರಾಯ. ಬೇರೆಯವರು ಒಪ್ಪದೆ ಇರಬಹುದು.

ದಶಮಿ

ಮಾರನೇ ದಿನ ಬುಧವಾರ. ದಶಮಿಯಂದು ಅಲ್ಲಿ ಮನೆಯ ಹಿರಿಯರು ಕಿರಿಯರ ಹಣೆಗೆ ಟೀಕಾ ಇಡುತ್ತಾರೆ. ಅಕ್ಕಿ, ಮೊಸರು ಕಲಸಿ, ಹೆಚ್ಚಿನವರು ಅದಕ್ಕೆ ಕೆಂಪು ಬಣ್ಣ ಸೇರಿಸುತ್ತಾರೆ. ಮಗರ್ ಜನರಲ್ಲಿ ಎಷ್ಟೋ ಮನೆಯಲ್ಲಿ ಬಿಳಿಯೇ. ಕತ್ತಲೆಯಲ್ಲಿ ಬೆಳೆಸಿದ ಹಳದಿ ಗೋಧಿ-ಬಾರ್ಲಿ ಮೊಳಕೆ, ಜಮರಾ ಅಂತಾರೆ, ಅದನ್ನು ಕಿವಿಗೆ ಸಿಕ್ಕಿಸುತ್ತಾರೆ. ಆಶೀರ್ವಾದ ಹೇಳಿ ಕೈಗೆ ಒಂದಿಷ್ಟು ದುಡ್ಡು ಕೊಡುತ್ತಾರೆ. ದೂರ ಇದ್ದವರು ಊರಿಗೆ ಓಡಿ ಬರುವುದು ಇದಕ್ಕೇ.

ಅಲ್ಲಿನ ಕ್ರೈಸ್ತರು ಬಹಳ ಜನ ಟೀಕಾ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ದೇವಿಯ ಪೂಜೆ ಸೇರಿದೆ ಅನ್ನುವುದು ಅವರ ಲೆಕ್ಕ. ದಾಯಿ ಒಂಬತ್ತು ವರ್ಷದಿಂದ ತೆಗೆದುಕೊಂಡಿಲ್ಲ. ಮೊದಲ ವರ್ಷ ತಾಯಿ ಮೂರು ತಿಂಗಳು ಮಾತು ಬಿಟ್ಟಿದ್ದರು. ಈಗ ದಶಮಿ ದಿನ ಅವರು ಸಭೆಯವರನ್ನು ಕರೆದುಕೊಂಡು ಎಲ್ಲಾದರೂ ಆಚೆ ಹೋಗಿ ಊಟ ಮಾಡಿ ಸಂಜೆ ಬರುತ್ತಾರೆ. ಇದನ್ನೆಲ್ಲ ನಮ್ಮ ತಂಡಕ್ಕೆ ಹೇಳಿರಲಿಲ್ಲ. ಅವರಿಗೆ ಅದು ಮನೆಯ ಮಾತು, ಅತಿಥಿಗಳಿಗೆ ಯಾಕೆ ಹೇಳಬೇಕು? ನಾವು ಕೇಳಲೂ ಇಲ್ಲ.

ಆ ದಿನ ದಾಯಿ ಜೊತೆ ಆರು ಜನ ಹೋದರು. ಹುಡುಗನಿಗೆ ಹಿಂದಿನ ದಿನದ ಕೆಲಸಕ್ಕೆ ಬೆನ್ನು ಹಿಡಿದಿತ್ತು, ಉಳಿದುಕೊಂಡ. ಜೊತೆಗೆ ಇನ್ನೊಬ್ಬ ಹುಡುಗ, ಹೊಟ್ಟೆ ಸರಿಯಿಲ್ಲ ಅಂತ. ಹತ್ತು ಹನ್ನೊಂದು ಗಂಟೆಗೆ ಅಜ್ಜಿ ಅಂಗಳದಿಂದ ಕರೆದರು. ಹೋದರೆ ಕಂಬಳಿ ಹಾಸಿದೆ, ಹಿತ್ತಾಳೆ ತಟ್ಟೆ ಇದೆ, ಪಕ್ಕದಲ್ಲಿ ಕರುವಾ, ಪಾಲ್ಪಾದ ಹೆಸರುವಾಸಿ ಕೊಳವೆ ಚೊಂಬು, ನಮ್ಮ ಗಿಂಡಿ ಇದ್ದ ಹಾಗೆ. ಮೊಮ್ಮಕ್ಕಳೆಲ್ಲ ಸಾಲಾಗಿ ಕೂತಿದ್ದಾರೆ, ಹಿರಿಯ ಮಗನ ಮಕ್ಕಳು. ಕೊನೆಯಲ್ಲಿ ಒಂದು ಜಾಗ ಖಾಲಿ. ಇವನಿಗೆ.

ಆಮೇಲೆ ನಾನು ಅವನನ್ನು ಕೇಳಿದೆ, ಆಗ ತಲೆಯಲ್ಲಿ ಏನಿತ್ತು ಅಂತ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಮ್ಮನವರು ತಟ್ಟೆ ಎಡಗೈಗೆ ತಗೋತಾರೆ ಅಂತ ಕಾಯ್ತಾ ಇದ್ದೆ ಸರ್. ಅಜ್ಜಿ ತಗೊಳ್ಳಲಿಲ್ಲ. ಕೈ ಎತ್ತಿಬಿಟ್ಟರು. ಮೂರು ಬೆರಳಲ್ಲಿ ಅಕ್ಕಿ ಇತ್ತು, ಕೈ ನಡುಗ್ತಾ ಇತ್ತು. ಆ ಕೈನ ಹೇಗೆ ತಡೆಯೋದು?"

ತಡೆಯಲಿಲ್ಲ. ಹಣೆ ಮೇಲೆ ತಣ್ಣಗೆ ಮೊಸರು ಇಳಿಯಿತು. ಕಿವಿಗೆ ಜಮರಾ. ಕೈಗೆ ಹತ್ತು ರೂಪಾಯಿಯ ಹೊಸ ನೋಟು. ಹೊಟ್ಟೆ ಸರಿಯಿಲ್ಲದವನು ಕಿಟಕಿಯಿಂದ ಫೋಟೋ ತೆಗೆದ. ತೆಗೆದು ನಮ್ಮ ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ, ಕೆಳಗೆ ಎರಡು ನಗುವ ಮುಖ. ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಪೆದ್ದುತನ.

ಇಲ್ಲಿ ಏನಾಯಿತು

ಹುಡುಗರು ಇನ್ನೂ ರೈಲಿನಲ್ಲಿರುವಾಗಲೇ ನನ್ನ ಫೋನ್ ಬಿಸಿಯಾಗಿತ್ತು. ನಮ್ಮ ಕಾಣಿಕೆ ದುಡ್ಡಲ್ಲಿ ಸಾಕ್ಷಿ ಹೇಳಲು ಹೋದವನು ಹಣೆಗೆ ಬಳಿದುಕೊಂಡು ಬಂದ ಅನ್ನುವುದು ಒಂದು ಮಾತು. ಅಪ್ಪನೂ ಆಯುಧಪೂಜೆ ಕಡ್ಲೆಪುರಿ ತಿನ್ನುವವನೇ ತಾನೆ ಅನ್ನುವುದು ಇನ್ನೊಂದು. ಈ ಎರಡನೇ ಮಾತು ಆಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

16ನೇ ತಾರೀಖು ಭಾನುವಾರ ಆರಾಧನೆ ಆದ ಮೇಲೆ ಕಮಿಟಿ ಕೂತಿತು. ಹುಡುಗನನ್ನು ಆಚೆ ಕೂರಿಸಿದ್ದರು. ತಂಡದವರು ಸಾಕ್ಷಿ ಹೇಳುವ ದಿನ, ಅಂದರೆ ಟ್ರಿಪ್ಪಿನ ಅನುಭವವನ್ನು ಸಭೆಯ ಮುಂದೆ ಹೇಳುವ ದಿನ, ಅವನು ಮಾತಾಡುವುದು ಬೇಡ ಅಂತ ಒಬ್ಬ ಹಿರಿಯರು. 18,500 ವಾಪಸ್ ಕಟ್ಟಲಿ ಅಂತ ಇನ್ನೊಬ್ಬರು, ಇದನ್ನು ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಅಲ್ಲೇ ತಡೆದರು. ಸ್ತ್ರೀ ಸಮಾಜದ ಒಬ್ಬ ಅಮ್ಮ ಎದ್ದು ನಿಂತು ಸೇನಾಪತಿ ನಾಮಾನನ ಕತೆ ತೆಗೆದರು, ಬೈಬಲಿನ 2 ಅರಸುಗಳು 5ನೇ ಅಧ್ಯಾಯ. ಕುಷ್ಠ ವಾಸಿಯಾದ ಮೇಲೆ ನಾಮಾನ ಪ್ರವಾದಿ ಎಲೀಷನಿಗೆ ಹೇಳುತ್ತಾನೆ, ನನ್ನ ರಾಜ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಊರಿಕೊಳ್ಳುತ್ತಾನೆ, ನಾನೂ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಲಿ ಅಂತ. ಎಲೀಷ ಬೈಯಲಿಲ್ಲ, ಸಮಾಧಾನದಿಂದ ಹೋಗು ಅಂದ. ಅವನಿಗಿಲ್ಲದ ಸಿಟ್ಟು ನಿಮಗ್ಯಾಕೆ ಅಂತ ಅಮ್ಮ ಕೇಳಿದರು. ನಾನೂ ಅವರ ಕಡೆ ಸೇರಿಕೊಂಡೆ. ಸಾಹುಕಾರರ ತಾಯಿ, ಬಾಳೆಹಣ್ಣು, ಕಡ್ಲೆಪುರಿ ಎಲ್ಲ ಹೇಳಿ, ನಮ್ಮ ಊರಿನಲ್ಲಿ ನಾವು ಬದುಕಿ ಬಂದ ರೀತಿಯೇ ಇದು, ಒಬ್ಬ ಮುದುಕಿಯ ಪ್ರೀತಿಗೆ ತಲೆ ಬಗ್ಗಿಸಿದರೆ ಏನು ಮುಳುಗಿತು ಅಂತ ದೊಡ್ಡ ಭಾಷಣವನ್ನೇ ಮಾಡಿದೆ. ಕೆಲವರು ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ.

ತೀರ್ಮಾನ ಮುಂದಿನ ವಾರಕ್ಕೆ ಹೋಯಿತು. ಅಷ್ಟರಲ್ಲಿ ದಾಯಿಗೆ ಫೋನ್ ಮಾಡಿ ಕೇಳಿ ಅಂತ ಅಯ್ಯನವರು ನನಗೆ ಹೇಳಿದರು. ಇದನ್ನು ಮೊದಲೇ ಮಾಡಬೇಕಿತ್ತು, ಇಡೀ ಜಗಳದಲ್ಲಿ ಆ ಮನೆಯವರನ್ನು ಒಬ್ಬರೂ ಕೇಳಿರಲಿಲ್ಲ.

ಫೋನು

ಮಂಗಳವಾರ ರಾತ್ರಿ ಮಾಡಿದೆ. ದಾಯಿ ಮೊದಲು ಎಲ್ಲರ ಆರೋಗ್ಯ ಕೇಳಿದರು. ಹುಡುಗನನ್ನು ಬೈಯಬೇಡಿ, ಒಳ್ಳೆಯ ಹುಡುಗ, ಅಮ್ಮ ದಿನಾ ಅವನ ಹೆಸರು ಹೇಳುತ್ತಾರೆ ಅಂದರು. ನನಗೆ ನಿರಾಳ ಆಯಿತು. ಹಾಗಾದರೆ ತೊಂದರೆ ಏನೂ ಆಗಲಿಲ್ಲ ಅಂತ ಕಮಿಟಿಗೆ ಹೇಳಲಾ ಅಂದೆ. ಆಗ ಆಗಸ್ಟ್‌ನಲ್ಲಿ ಕೇಳಿಸಿದ ಅದೇ ಮೌನ ಮತ್ತೆ ಕೇಳಿಸಿತು. ಈ ಸಲ ನೆಟ್‌ವರ್ಕ್ ಅಂದುಕೊಳ್ಳಲಿಲ್ಲ. ಹೇಳಿ ದಾಯಿ ಅಂದೆ.

ದಶಮಿ ಸಂಜೆ ಅವರು ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ಕೂತಿದ್ದರಂತೆ. ಹುಡುಗನ ಹಣೆಯಲ್ಲಿ ಒಣಗಿದ ಅಕ್ಕಿ ಇನ್ನೂ ಇತ್ತು. ತಾಯಿ ಅದನ್ನು ತೋರಿಸಿ ಮಗನಿಗೆ ಕೇಳಿದರು. ದಾಯಿ ಹಿಂದಿಯಲ್ಲಿ ನನಗೆ ಹೇಳಿದ್ದು ಸುಮಾರಾಗಿ ಇಷ್ಟು: "ಇವನೂ ನಿನ್ನ ಯೇಸುವಿನವನೇ. ದೊಡ್ಡ ದೇಶದಿಂದ ಬಂದವನು. ಇವನ ಚೀಲದಲ್ಲೂ ಅದೇ ಪುಸ್ತಕ ಇದೆ. ಇವನು ತಗೊಂಡ. ಹಾಗಾದರೆ ಒಂಬತ್ತು ವರ್ಷ ನನ್ನ ಕೈ ಬೇಡ ಅಂದಿದ್ದು ನಿನ್ನ ಯೇಸು ಅಲ್ಲ, ನೀನು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಅವರೇ ಮುಂದುವರಿಸಿದರು. ಸಭೆಯಲ್ಲಿ ಹೊಸದಾಗಿ ಬಂದ ಎರಡು ಮನೆಯವರು, ಈ ದಸೈಂನಲ್ಲಿ ಮೊದಲ ಸಲ ತಮ್ಮ ಹಿರಿಯರ ಟೀಕಾ ಬಿಟ್ಟು, ಮಾವನ ಮನೆಯಿಂದ ಬೈಸಿಕೊಂಡು ಬಂದವರು, ಅವರಿಗೂ ಸುದ್ದಿ ತಲುಪಿತ್ತು. ತೆಗೆದುಕೊಳ್ಳಬಹುದು ಅಂತಿದ್ದರೆ ನಮಗ್ಯಾಕೆ ಈ ಕಷ್ಟ ಕೊಟ್ಟಿರಿ ಅಂತ ಅವರು ಕೇಳಿದರಂತೆ. ದಾಯಿಗೆ ಅವರಿಗೆ ಕೊಡಲು ಉತ್ತರ ಇತ್ತು, ತಾಯಿಗೆ ಕೊಡಲು ಇರಲಿಲ್ಲ.

ಫೋನ್ ಇಟ್ಟ ಮೇಲೆ ಬೈಬಲಿನಲ್ಲಿ 1 ಕೊರಿಂಥ 10ನೇ ಅಧ್ಯಾಯ ತೆಗೆದೆ, 27 ಮತ್ತು 28ನೇ ವಚನ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ತಿನ್ನಿ, ಆದರೆ ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಒಬ್ಬ ತಿಳಿಸಿದರೆ ಅವನಿಗೋಸ್ಕರ ತಿನ್ನಬೇಡಿ ಅಂತ ಪೌಲ ಹೇಳುತ್ತಾನೆ. ಅವನಿಗೋಸ್ಕರ ಅನ್ನುವ ಮಾತನ್ನು ನಾನು ಎಷ್ಟು ಸಲ ಓದಿರಬಹುದು, ಆದರೆ ಕಮಿಟಿಯಲ್ಲಿ ಹುಡುಗನ ವಿರುದ್ಧ ಮಾತಾಡಿದವರಾಗಲಿ, ಪರವಾಗಿ ಮಾತಾಡಿದ ನಾನಾಗಲಿ, ಎಲ್ಲರೂ ಹಿಡಿದುಕೊಂಡಿದ್ದು ಹುಡುಗನ ಹಣೆಯನ್ನು. ಅವನಿಗೆ ಪಾಪ ಬಂತಾ ಇಲ್ಲವಾ. ದಾಯಿ ಯಾರ ಲೆಕ್ಕದಲ್ಲೂ ಇರಲಿಲ್ಲ. ನಾನು ಕೊಟ್ಟ ಕಡ್ಲೆಪುರಿ ಉದಾಹರಣೆಯೂ ಹಾಗೇ. ಮೂವತ್ತು ವರ್ಷ ಒಂದೇ ತೋಟದಲ್ಲಿ ಇದ್ದವರು ಕಟ್ಟಿಕೊಂಡ ಹೊಂದಾಣಿಕೆ ಅದು. ತಟ್ಟೆ ಎಡಗೈಗೆ ಹೋಗಲು ಎಷ್ಟು ವರ್ಷ ಬೇಕಾಯಿತೋ. ದಾಯಿ ಮತ್ತು ತಾಯಿ ಒಂಬತ್ತನೇ ವರ್ಷದಲ್ಲಿದ್ದರು, ನಮ್ಮವನು ನಾಲ್ಕನೇ ದಿನದಲ್ಲಿದ್ದ.

ಇಷ್ಟು ಹೇಳಿದ ಮೇಲೂ, ಹುಡುಗ ಆ ಕೈಯನ್ನು ತಡೆಯಬೇಕಿತ್ತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ದಾಯಿಯನ್ನೇ ಕೇಳಿದೆ, ಅವನು ಏನು ಮಾಡಬೇಕಿತ್ತು ಅಂತ. ನಮ್ಮ ಜೊತೆ ಊಟಕ್ಕೆ ಬರಬೇಕಿತ್ತು ಅಂದರು. ನಕ್ಕರು. ಆಮೇಲೆ, ನೀವು ನವೆಂಬರ್‌ನಲ್ಲಿ ಬರಬೇಕಿತ್ತು ಅಂದರು.

ಆಮೇಲಿನದು

ಕಮಿಟಿಗೆ ಎಲ್ಲ ಹೇಳಿದೆ, ಹಿಂದಿನ ವಾರದ ನನ್ನ ಭಾಷಣ ವಾಪಸ್ ತಗೊಂಡೆ. ಹುಡುಗನ ಮೇಲೆ ಯಾವ ಕ್ರಮವೂ ಬೇಡ ಅಂತಾಯಿತು. ಗ್ರೂಪಿನಿಂದ ಫೋಟೋ ತೆಗೆಸಿದೆವು, ಅಷ್ಟು ಹೊತ್ತಿಗೆ ಅದು ಎಲ್ಲೆಲ್ಲಿಗೆ ಹೋಗಿತ್ತೋ. ಆ ಕಾನೂನಿರುವ ಊರಿನಲ್ಲಿ, ದಾಯಿಯ ಅಂಗಳ, ಮಕ್ಕಳ ಮುಖ, ಮನೆ ಎಲ್ಲ ಕಾಣುವ ಹಾಗೆ ಫೋಟೋ ಹಾಕುವುದೇ ತಪ್ಪು ಅಂತ ಟೀಕಾ ಗಲಾಟೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈಗ ನಮ್ಮಲ್ಲಿ ಹೋಗುವವರ ಫೋನಿನಿಂದ ವಾಪಸ್ ಬರುವ ತನಕ ಒಂದು ಫೋಟೋವೂ ಬರುವ ಹಾಗಿಲ್ಲ. ತಾರೀಖು ನಾವು ಇಡುವುದಿಲ್ಲ, ಕರೆಯುವವರು ಇಡುತ್ತಾರೆ. ಎಂಟು ಜನ ಬೇಡ, ಇಬ್ಬರು ಸಾಕು.

ಹುಡುಗನಿಗೆ ಫೋನಿನ ವಿಷಯ ನಾನೇ ಹೇಳಿದೆ, ತೋಟದ ಕೆಲಸದವರ ಲೈನಿನಲ್ಲಿರುವ ಅವರ ಮನೆ ಜಗಲಿಯಲ್ಲಿ ಕೂತು. ಪೂರ್ತಿ ಕೇಳಿದ. ಅಜ್ಜಿಗೆ ಫೋನ್ ಮಾಡಿ ಕ್ಷಮೆ ಕೇಳಲಾ ಅಂದ. ಅಜ್ಜಿಗೆ ಅಲ್ಲವಲ್ಲೋ ಅಂದೆ. ಒಳಗಿನಿಂದ ಅವನ ಅಪ್ಪ, ಮೊದಲ ವರ್ಷ ನಾನು ಕುಂಕುಮ ಬೇಡ ಅಂದಾಗ ಅಮ್ಮನವರು ಅತ್ತಿದ್ದರು ಅಂತ ಹೇಳಿದರು. ಅಷ್ಟೇ ಹೇಳಿದ್ದು. ಹುಡುಗ ಅದನ್ನು ಮೊದಲ ಸಲ ಕೇಳಿದ್ದು.

ಅವನು ದಾಯಿಗೆ ಕಾಗದ ಬರೆದ. ಏನು ಬರೆದ ಅಂತ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಸಾಕ್ಷಿಯ ದಿನ ಉಳಿದ ಏಳು ಜನ ಹಿಮಾಲಯ, ಪ್ರೀತಿ, ಆಶೀರ್ವಾದ ಅಂತೆಲ್ಲ ಹೇಳಿದ ಮೇಲೆ ಇವನು ಐದು ನಿಮಿಷ ಬೋರರ್ ಬಗ್ಗೆ ಮಾತಾಡಿ ಕೂತ. ಅರ್ಧ ಸಭೆ ತೋಟದವರೇ, ಅವರು ಮಾತ್ರ ಕಿವಿ ಕೊಟ್ಟು ಕೇಳಿದರು.

ಉಳಿದಿದ್ದ ದುಡ್ಡಿನಲ್ಲಿ ನಾರಿನ ಗ್ಲೌಸ್ ಹದಿನೈದು ಜೊತೆ ಕಳಿಸಿದೆವು, ಬೆಂಗಳೂರಿನಿಂದ ಊರಿಗೆ ಹೊರಟಿದ್ದ ಒಬ್ಬ ನೇಪಾಳಿ ಹುಡುಗನ ಕೈಯಲ್ಲಿ. ಮಾರ್ಚ್‌ನಲ್ಲಿ, ದುಂಬಿ ಹಾರುವ ಮೊದಲು, ದಾಯಿ ಹುಡುಗನಿಗೆ ಕಾಂಡದ ಫೋಟೋಗಳನ್ನು ಕಳಿಸಿ ಇದೂ ಅದೇನಾ ಅಂತ ಕೇಳಿದ್ದರು. ಎರಡರಲ್ಲಿ ಹೌದು. ಈಗ ವರ್ಷಕ್ಕೆ ಎರಡು ಸಲ ಅದೊಂದು ಕೆಲಸ ಆಗಿದೆ ಇವನಿಗೆ. ಮರುವರ್ಷದ ದಸೈಂನಲ್ಲಿ ಆ ಅಂಗಳದಲ್ಲಿ ಏನಾಯಿತು ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಹನ್ನೊಂದು ಗುಂಡಿಯಲ್ಲಿ ಎಂಟಕ್ಕೆ ಅಜ್ಜಿ ಹೊಸ ಕಾಫಿ ಸಸಿ ಇಟ್ಟಿದ್ದಾರಂತೆ. ಉಳಿದ ಮೂರರಲ್ಲಿ ಶುಂಠಿ.